ಕಂಬ ಬಿಟ್ಟವರು

ಗದಗ, ಫೆಬ್ರವರಿ ಮೂವತ್ತೊಂದು, ೨೧೮೭

ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆಯನ್ನು ಮೊಟಕು ಮಾಡುತ್ತೇವೆಂದು ನಮ್ಮ ಸರಕಾರ ಫೆಬ್ರವರಿಯನ್ನು ಹಿಗ್ಗಿಸಿದೆ. ಬಿಸಿಲೇನೂ ಕಡಿಮೆಯಾಗಿಲ್ಲ. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ನೀಲಗಂಗಾ, ಈ ಓಣಿಯ ದರಗಾರ್ತಿ. ಎಂದರೆ, ಕರೆಂಟಿನ ದರ ಬದಲಾದಾಗಲೆಲ್ಲ ಮನೆಮನೆಗೆ ಹೋಗಿ ಕೂಗಿ ಹೇಳುವವಳು. ಬೈಸಿಕೊಳ್ಳುವುದೂ ನನ್ನದೇ ಕೆಲಸ.

ನಿಮ್ಮ ಕಾಲದಲ್ಲಿ ದರ ವರ್ಷಕ್ಕೊಮ್ಮೆ ಏರುತ್ತಿತ್ತಂತೆ, ಪುಣ್ಯವಂತರು! ನಮ್ಮಲ್ಲಿ ತಾಸಿಗೊಮ್ಮೆ. ಬಿಸಿಲಿದ್ದಾಗ ಅಗ್ಗ, ಹೊತ್ತು ಇಳಿದು ಎಲ್ಲರೂ ಒಮ್ಮೆಲೇ ಕೋಣೆಯ ತಂಪುಪೆಟ್ಟಿಗೆ ಹಚ್ಚಿದರೆ ತುಟ್ಟಿ. ಅದಕ್ಕೇ ಹಿಟ್ಟು ಬೀಸುವುದು, ಬಟ್ಟೆ ಒಗೆಯುವುದು, ಮಕ್ಕಳ ಸ್ನಾನ ಎಲ್ಲ ನಡುಮಧ್ಯಾಹ್ನವೇ. ಇದನ್ನು ಹೇಗೋ ಸಹಿಸಿಕೊಂಡೆವು. ನಮ್ಮನ್ನು ತಿಂದದ್ದು ಕಂಬ. ಕಂಬ, ತಂತಿಗಳ ಖರ್ಚನ್ನು ಓಣಿಯ ಮನೆಗಳೆಲ್ಲ ಹಂಚಿಕೊಳ್ಳಬೇಕು. ಮಾಳಿಗೆಯ ಮೇಲೆ ಬಿಸಿಲುಹಲಗೆ ಹಾಕಿಸಿಕೊಂಡವರು ಒಬ್ಬೊಬ್ಬರಾಗಿ ತಮ್ಮ ತಂತಿ ಬಿಡಿಸಿಕೊಂಡು ಕಂಬ ಬಿಟ್ಟರು. ಹಾಗೆ ಬಿಟ್ಟವರು ಓಣಿಗೆಲ್ಲ ಪೇಡೆ ಹಂಚುವುದು ರೂಢಿ. ನಾವು ಪೇಡೆ ತಿಂದು ಬಾಯ್ತುಂಬ ಹರಸಿದೆವು, ದಡ್ಡರು. ಅವರ ಪಾಲು ನಮ್ಮ ತಲೆಗೆ ಬಂತೆಂದು ಮರುದಿನ ನಾನು ಕೂಗುವ ತನಕ ಯಾರಿಗೂ ಹೊಳೆಯುತ್ತಿರಲಿಲ್ಲ. ದರ ಏರಿತೆಂದು ಮತ್ತಷ್ಟು ಜನ ಬಿಟ್ಟರು. ಅವರು ಬಿಟ್ಟರೆಂದು ದರ ಮತ್ತೆ ಏರಿತು.

ಕೊನೆಗೆ ಉಳಿದದ್ದು ನನ್ನ ಮನೆ, ಎದುರಿನ ಸಕ್ಕೂಬಾಯಿಯ ಮನೆ. ಆಕೆಯದು ಮೂರಂತಸ್ತಿನ ಕಟ್ಟಡದ ಕೆಳಗಿನ ಬಾಡಿಗೆ ಕೋಣೆ. ಹಲಗೆ ಹಾಕಲು ಸ್ವಂತ ಮಾಳಿಗೆಯಿಲ್ಲ. ಉಸಿರಿನ ಯಂತ್ರವಿಲ್ಲದೆ ಆಕೆ ಹೆಚ್ಚು ಹೊತ್ತು ಬದುಕುವುದಿಲ್ಲ. ಇದೆಲ್ಲ ಗೊತ್ತಿದ್ದೂ, ದರ ತಡೆಯಲಾರದೆ ಮೊನ್ನೆ ನಾನೂ ಹಲಗೆ ಹಾಕಿಸಿ ಕಂಬ ಬಿಟ್ಟೆ. ಥೂ ನನ್ನ ಜನ್ಮಕ್ಕೆ! ಪೇಡೆ ಕೊಡಲು ಹೋದಾಗ ಆಕೆ ನಕ್ಕು ಕೇಳಿದಳು: “ಛಲೋ ಆತ ಬಿಡವಾ. ಇನ್ನ ಓಣ್ಯಾಗ ಯಾರ್ಯಾರು ಉಳದ್ರು?” ಪೇಡೆ ಆಕೆಯ ಕೈಗಿಟ್ಟು ಹೊರಬಿದ್ದೆ.

ನಮ್ಮ ಮನೆಯಿಂದ ತಂತಿ ಎಳೆದು ಕೊಡೋಣವೆಂದರೆ, ಒಂದು ಮನೆಯ ಕರೆಂಟನ್ನು ಇನ್ನೊಂದಕ್ಕೆ ದಾಟಿಸಿದರೆ ಜೈಲು. ಆ ಕಾನೂನನ್ನು ಬರೆಯುವವರು ಈಗ ನಿಮ್ಮ ನಡುವೆಯೇ ಇದ್ದಾರೆ. ಕೈಮುಗಿದು ಕೇಳುತ್ತೇನೆ, ಬರೆಯಲು ಬಿಡಬೇಡಿ. ನಿನ್ನೆಯಿಂದ ಸಕ್ಕೂಬಾಯಿ ಯಂತ್ರವನ್ನು ಒಂದು ತಾಸು ಹಚ್ಚಿ ಒಂದು ತಾಸು ಆರಿಸುತ್ತಿದ್ದಾಳೆ. ಆರಿಸಿದ ತಾಸಿನಲ್ಲಿ ನಾನು ಆ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತೇನೆ.