ಭುಜದ ಹತ್ತಿರ ನಿಂತ ಗೆರೆ

ಶುಕ್ರವಾರ, ಜೂನ್ ೧೪

ಮೊಮ್ಮಗಳೇ, ಮತ್ತೆ ನನ್ನ ದಿನಚರಿ ಕದ್ದು ಓದುತ್ತಿದ್ದೀಯಾ? ನಾಚಿಕೆಗೆಟ್ಟವಳೇ, ಓದುವುದಾದರೆ ನೆಟ್ಟಗೆ ಕೂತು ಓದು.

ಮಧ್ಯಾಹ್ನದಿಂದ ನನ್ನ ಕಣ್ಣ ತುಂಬ ನೀಲಿ. ನಾನು ತಾರಸಿಯ ಮೇಲೆ ಕೂತಲ್ಲೇ ತೂಕಡಿಸುತ್ತಿರುವ ಚಿತ್ರವನ್ನು ನಿನ್ನ ತಾತ ಕಪ್ಪು ಶಾಯಿಯಲ್ಲಿ ಬರೆದಿದ್ದರು. ಅದಕ್ಕೆ ನೀನು ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಿದ್ದೆ. ಆಕಾಶಕ್ಕೆಂದು ಸುರಿದ ನೀಲಿ ನನ್ನ ಸೀರೆಯೊಳಗೆಲ್ಲ ಹರಿಯಿತು.

"ಅಜ್ಜಿ, ತಾತ ಭುಜದ ಹತ್ರ ಗೆರೆ ಮುಗಿಸೇ ಇಲ್ಲ. ಅಲ್ಲಿಂದಾನೇ ಬಣ್ಣ ಸೋರ್ತಿದೆ. ಸೇರಿಸಿಬಿಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ!"

ನೀನು ನಕ್ಕೆ. ಕಾರಣ ಇಲ್ಲಿ ಬರೆಯುತ್ತಿದ್ದೇನೆ, ಓದಿಕೋ.

ನಿನ್ನ ತಾತ ಆ ಚಿತ್ರ ಬರೆಯುತ್ತಿದ್ದಾಗ ನಾನು ಅರೆಗಣ್ಣಲ್ಲಿ ನೋಡುತ್ತಿದ್ದೆ. ತಣ್ಣನೆಯ ಗಾಳಿ ಬೀಸಿತು. ಅವರು ಅರ್ಧ ಗೆರೆಯಲ್ಲೇ ಪೆನ್ನು ಕೆಳಗಿಟ್ಟು ಎದ್ದು ಬಂದು, ತಮ್ಮ ಶಾಲನ್ನು ನನ್ನ ಭುಜಕ್ಕೆ ಹೊದಿಸಿದರು. ಆಮೇಲೆ ಚಿತ್ರದ ಕಡೆ ಹೋಗಲೇ ಇಲ್ಲ, ಪಕ್ಕದಲ್ಲೇ ಕೂತುಬಿಟ್ಟರು.

ಆ ಸಂದಿಯಿಂದ ಆಕಾಶ ಒಳಗೆ ಬಂದರೆ ಬರಲಿ ಬಿಡು. ಈಗಲೂ ಕಣ್ಣು ಮುಚ್ಚಿದರೆ ನಾನೇ ನೀಲಿಯಾಗಿ ತಾರಸಿಯಿಂದ ಮೆಲ್ಲಗೆ ಮೇಲೇಳುತ್ತಿದ್ದೇನೆ. ಭುಜ ಮಾತ್ರ ಬೆಚ್ಚಗೆ...

ನಿದ್ದೆ ಎಳೆಯುತ್ತಿದೆ. ಗೆರೆ ಸೇರಿಸುತ್ತೀಯೋ, ಹಾಗೇ ಬಿಡುತ್ತೀಯೋ, ಈ ತಿಂಗಳು ಮುಗಿಯುವುದರೊಳಗೆ ಇದರ ಕೆಳಗೇ ಬರೆದು ತಿಳಿಸು.