ಹಿಮ್ಮಡಿಯ ಎರಡು ಬಡಿತ

ಮಾರ್ಚ್ 2, 1937. ಮಂಗಳವಾರ. ಬೆಳಗ್ಗೆ 6:40

ಮೊಟ್ಟೆ ಸೀದುಹೋಯಿತು. ಮತ್ತೆ! ಹದಿನೇಳು ದಿನದ ಸಂಸಾರದಲ್ಲಿ ಹನ್ನೊಂದನೆಯ ಸಲ. ಡೆಲ್ ಕರಕಲನ್ನೂ ಬಿಡದೆ ತಿಂದು, "ಇದಕ್ಕೆ ಫ್ರೆಂಚಲ್ಲಿ ಏನೋ ಹೆಸರಿರ್ಬೇಕು ಕಣೇ ಓಪಲ್, ಇಷ್ಟು ಕಷ್ಟಪಟ್ಟು ಮಾಡಿದೀಯ" ಅಂದ. ಇಂಥವನನ್ನು ಮದುವೆಯಾದ ನಾನು ಎಷ್ಟು ಜಾಣೆ! ಈಗ ಗಡ್ಡ ಹೆರೆಯುತ್ತ ಹಾಡುತ್ತಿದ್ದಾನೆ. ಶ್ರುತಿ ತಪ್ಪಿ. ದೇವತೆಗಳ ಹಾಗೆ.

ಎಬ್ಬಿಸಿದ್ದು ಎಂದಿನಂತೆ — ಹಿಮ್ಮಡಿಯಿಂದ ನೆಲಕ್ಕೆ ಎರಡು ಬಡಿತ. ಟಕ್-ಟಕ್. ಬಲಗಿವಿ ದಿಂಬಿನಲ್ಲಿ ಹೂತಿದ್ದರೆ ಡೆಲ್‌ಗೆ ಬ್ಯಾಂಡು ಬಾರಿಸಿದರೂ ಕೇಳಿಸದು. ಎಡಗಿವಿ ಒಂಬತ್ತನೆಯ ವಯಸ್ಸಿನಲ್ಲೇ ಜ್ವರ ಬಂದು ಹೋಗಿಬಿಟ್ಟಿತು. ಬಡಿತ ಮಂಚದ ಕಾಲಿನಿಂದ ಬೆನ್ನಿಗೆ ಮುಟ್ಟುತ್ತದೆ. ಕಣ್ಣು ಬಿಡುತ್ತಾನೆ, ಎಡಕ್ಕೆ ತಿರುಗುತ್ತಾನೆ, ನಗುತ್ತಾನೆ. ಆ ನಗು ನೋಡಲಿಕ್ಕೇ ನಾನು ಮೊದಲು ಏಳುವುದು. ಕೆಳಗಿನ ಮನೆಯ ಮಿಸೆಸ್ ಹ್ಯಾಗರ್ಟಿ ಪೊರಕೆ ಕೋಲಿನಿಂದ ತಮ್ಮ ಚಾವಣಿಗೆ ಕುಟ್ಟಿದರು. ಅದೂ ಎಂದಿನಂತೆಯೇ.

ಐದು ವರ್ಷ ಊರೂರು ಸುತ್ತಿ ಕುಣಿದವರು ನಾವು. 'ಮಕ್ರೋರಿ ಮತ್ತು ಪೈಕ್' — ಅವನು ಮಕ್ರೋರಿ, ನಾನು ಪೈಕ್ — ನಾಯಿಗಳ ಆಟಕ್ಕೂ ಜಾದೂಗಾರನಿಗೂ ನಡುವೆ ಎಂಟು ನಿಮಿಷ. ಯಾವಾಗಲೂ ನಾನು ಅವನ ಎಡಕ್ಕೆ. ವಾದ್ಯಗಳು ನಿಂತು ಮತ್ತೆ ಎತ್ತಿಕೊಳ್ಳುವ ಜಾಗದಲ್ಲಿ ನನ್ನ ಹಿಮ್ಮಡಿ ಎರಡು ಸಲ ಹಲಗೆ ಬಡಿಯುತ್ತಿತ್ತು. ಅವನು ಗಿರ್ರನೆ ತಿರುಗುತ್ತಿದ್ದ. ಜನ ಅದನ್ನೂ ಕುಣಿತವೆಂದೇ ತಿಳಿದರು. ಈಗ ಆ ರಂಗಮಂದಿರಗಳಲ್ಲೆಲ್ಲ ಸಿನಿಮಾ. ಹಾಗಾಗಿ ನಾವೂ ಸಿನಿಮಾಕ್ಕೆ! ಸ್ಟುಡಿಯೊಗೆ ಬೇಕಾದದ್ದು ಡೆಲ್ ಒಬ್ಬನೇ — ಕ್ಲಾರಿಸ್ ವೇನ್ ಎದುರು ನಾಯಕ! ನನ್ನನ್ನು ತಾಲೀಮಿನಲ್ಲಿ ಕ್ಲಾರಿಸ್ ಬದಲಿಗೆ ನಿಲ್ಲಲು ತೆಗೆದುಕೊಂಡರು. ಪೈಕ್ ಎಂದೇ ಬರೆದುಕೊಂಡಿದ್ದಾರೆ. ಮದುವೆಯ ವಿಷಯ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಏಪ್ರಿಲ್ ನಡುವಿನವರೆಗೆ ಅವನ ಕರಾರು. ಆಮೇಲೆ ಇಟ್ಟುಕೊಳ್ಳುವುದು, ಬಿಡುವುದು ಅವರ ಕೈಯಲ್ಲಿ. ಕಿವಿಯ ಸಂಗತಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು. ಹಾಡು ಕುಣಿತದ ಚಿತ್ರಕ್ಕೆ ಅರೆಕಿವುಡನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅಯ್ಯೋ ಟ್ರಾಮ್ ಹೊರಟಿತು—

ಮಾರ್ಚ್ 5, ಶುಕ್ರವಾರ

ಬೆಳಗ್ಗೆ ನನ್ನ ಜೊತೆ ತಾಲೀಮು: ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ. ಮಧ್ಯಾಹ್ನ ಕ್ಲಾರಿಸ್ ಬಂದಳು. ಅದೇ ಕುಣಿತ, ಅದೇ ನೆಲ. ನಾಲ್ಕು ಎಣಿಕೆ ಸಂಗೀತ ನಿಲ್ಲುವ ಜಾಗ ಬಂತು... ಡೆಲ್ ಅರ್ಧ ತಾಳ ತಡ. ಇನ್ನೊಮ್ಮೆ. ಅರ್ಧ ತಾಳ ಮುಂಚೆ.

ನೃತ್ಯ ನಿರ್ದೇಶಕ ಬ್ರುಗ್ಮನ್ ಬಾಯಿಂದ ಸಿಗಾರ್ ತೆಗೆದರು. "ಏನಯ್ಯಾ ಮಕ್ರೋರಿ, ಬೆಳಗ್ಗೆ ಬಂದಿದ್ದೋನು ನಿನ್ನ ತಮ್ಮನಾ? ಅವನನ್ನೇ ಕಳಿಸು."

ಎಲ್ಲರೂ ನಕ್ಕರು. ಕ್ಲಾರಿಸ್ ನಗಲಿಲ್ಲ. ತನ್ನದೇ ಕಾಲು ನೋಡಿಕೊಳ್ಳುತ್ತಿದ್ದಳು.

ಮನೆಗೆ ಬರುವಾಗ, "ಎಣಿಸ್ಕೋಬಾರ್ದಾ?" ಎಂದೆ.

"ಎಣಿಸ್ತೀನಿ. ಎಣಿಸೋಕೆ ಶುರು ಮಾಡಿದ್ರೆ ಕಾಲು ನಿನ್ನ ಬಡಿತಕ್ಕೆ ಕಾಯ್ತಾ ನಿಂತ್ಬಿಡುತ್ತೆ. ನಾನೇನ್ಮಾಡ್ಲಿ? ಕಾಲಿಗೆ ನೀನೇ ಅಭ್ಯಾಸ ಮಾಡ್ಸಿಟ್ಟಿದೀಯ."

ಇದರಲ್ಲೂ ನನಗೆ ಖುಷಿಯಾಯಿತು. ನಾಚಿಕೆಗೇಡು ನಾನು.

ಮಾರ್ಚ್ 9, ಮಂಗಳವಾರ. ರಾತ್ರಿ

ಬರೆಯದಿದ್ದರೆ ಸಿಡಿದುಹೋಗುತ್ತೇನೆ!

ಚಿತ್ರೀಕರಣ. ಬೆಳಗಿನಿಂದ ಹದಿನಾಲ್ಕು ಟೇಕ್, ಹದಿನಾಲ್ಕೂ ಹಾಳು. ಡೆಲ್‌ನ ಕಾಲರು ಮೂರು ಸಲ ಬದಲಾಯಿಸಿದರು, ಬೆವರಿಗೆ. ಬ್ರುಗ್ಮನ್ ಬೈಯುವುದನ್ನೇ ನಿಲ್ಲಿಸಿದರು. ಅದೇ ಹೆಚ್ಚು ಭಯ. ಸಹಾಯಕನ ಕಿವಿಯಲ್ಲಿ, "ಬೇರೆ ಯಾರು ಖಾಲಿ ಇದ್ದಾರೆ ನೋಡು" ಅಂದದ್ದು ನನಗೆ ಕೇಳಿಸಿತು. ಆಗ ಹೊಳೆಯಿತು — ಇಲ್ಲಿ ಶಬ್ದವನ್ನು ಯಾರೂ ಮುದ್ರಿಸುತ್ತಲೇ ಇಲ್ಲವಲ್ಲ! ಹಾಡು ಮೊದಲೇ ಮುದ್ರಿಸಿದ್ದು, ಸ್ಪೀಕರಿನಲ್ಲಿ ಬರುತ್ತದೆ. ಕಾಲಿನ ಸದ್ದನ್ನು ಎಲ್ಲ ಮುಗಿದ ಮೇಲೆ ಬೇರೆ ಕೋಣೆಯಲ್ಲಿ ತುಂಬುತ್ತಾರೆ. ಕ್ಯಾಮೆರಾ ಪಕ್ಕದಲ್ಲಿ ಆನೆ ಕುಣಿದರೂ ಚಿತ್ರಕ್ಕೆ ಗೊತ್ತಾಗುವುದಿಲ್ಲ.

ಸರಿ. ಕ್ಯಾಮೆರಾದ ಎಡಗಡೆ, ಹಲಗೆಯ ಅಂಚಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಕಾಲ್ಚೀಲ ಸರಿಮಾಡಿಕೊಳ್ಳುವವಳ ಹಾಗೆ. ವಾದ್ಯ ನಿಂತಿತು. ಒಂದು, ಎರಡು, ಮೂರು — ಟಕ್-ಟಕ್.

ಡೆಲ್ ತಿರುಗಿದ. ಅಬ್ಬಾ, ಹೇಗೆ ತಿರುಗಿದ! ಕೋಟಿನ ತುದಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ಮುಖದಲ್ಲಿ ಬೆಳಗಿನ ನಗು. ಬ್ರುಗ್ಮನ್, "ಆಯ್ತು, ಇದೇ ಇರ್ಲಿ!" ಎಂದು ಕೂಗಿ ಟೋಪಿ ಎಸೆದರು. ದೀಪ ಹಚ್ಚುವವರೆಲ್ಲ ಮೇಲಿನಿಂದ ಚಪ್ಪಾಳೆ ಹೊಡೆದರು.

ಕ್ಲಾರಿಸ್ ನನ್ನ ಪಕ್ಕದಿಂದ ಹೋಗುವಾಗ ನನ್ನ ಹಿಮ್ಮಡಿ ನೋಡಿದಳು.

ರಾತ್ರಿಯೂಟಕ್ಕೆ ಚೈನೀಸ್ ತರಿಸಿದೆವು. ಅಡುಗೆ ಮನೆಯಲ್ಲಿ ಇಬ್ಬರೂ ಕುಣಿದೆವು. ಪೊರಕೆ ಕೋಲು.

ಏಪ್ರಿಲ್ 2, ಶುಕ್ರವಾರ. ಬೆಳಗ್ಗೆ

ಮೂರು ವಾರ ಒಂದಕ್ಷರ ಬರೆಯಲಿಲ್ಲ. ಸಂತೋಷವಾಗಿದ್ದವಳಿಗೆ ಪುರುಸೊತ್ತು ಎಲ್ಲಿ? ಈಗ ಪುರುಸೊತ್ತು ಬಂದಿದೆ.

ನಿನ್ನೆ ಸಂಜೆ ಗ್ಲೆಂಡೇಲ್‌ನ ಚಿತ್ರಮಂದಿರದಲ್ಲಿ ಚಿತ್ರವನ್ನು ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ನೋಡಿದರು. ಸದ್ದು ಪೂರ್ತಿ ತುಂಬಿಲ್ಲ, ಆದರೂ ತೋರಿಸುವುದೇ ರೂಢಿ. ಹೊರಬರುವಾಗ ಎಲ್ಲರ ಕೈಗೂ ಒಂದೊಂದು ಕಾರ್ಡು, ಪೆನ್ಸಿಲು. ಅನಿಸಿದ್ದನ್ನು ಬರೆಯಬೇಕು. ಕತ್ತಲಲ್ಲಿ ಡೆಲ್‌ನ ಕೈ ಹಿಡಿದು ಕೂತಿದ್ದೆ. ಆ ಕುಣಿತ ಬಂತು. ವಾದ್ಯ ನಿಂತಿತು. ಪರದೆಯ ಮೇಲೆ ಅಷ್ಟು ದೊಡ್ಡ ಮುಖ — ಕ್ಲಾರಿಸ್ ಅವನ ತೋಳಲ್ಲಿದ್ದಾಳೆ, ಅವನು ಮಾತ್ರ ಅವಳ ತಲೆಯ ಮೇಲಿಂದ ಕೆಳಗೆ ಎಡಕ್ಕೆ, ಯಾವುದೋ ಮೂಲೆಗೆ ನೋಡಿ ನಗುತ್ತಿದ್ದಾನೆ. ನನ್ನ ನಗು. ನನ್ನ ಮೂಲೆ.



ಬ್ರುಗ್ಮನ್ ಪಾರ್ಕಿಂಗ್‌ನಲ್ಲೇ ಕಾರ್ಡುಗಳನ್ನು ಓದಿದರು, ಗಟ್ಟಿಯಾಗಿ, ಡೆಲ್ ಮುಂದೆ. "'ಹುಡುಗ ಚೆನ್ನಾಗಿದ್ದಾನೆ. ಆದರೆ ಯಾರನ್ನು ನೋಡುತ್ತಿದ್ದಾನೆ?' 'ಅಲ್ಲಿ ಮೂಲೆಯಲ್ಲಿ ನಾಯಿಮರಿ ಇತ್ತೆ?' 'ಇವನು ಪ್ರೀತಿಸುವುದು ಈ ಹುಡುಗಿಯನ್ನಲ್ಲ, ಬೇರೆ ಯಾರನ್ನೋ. ಅವಳನ್ನು ತೋರಿಸಿ.'" ಇಂಥವೇ ಎಂಬತ್ತಕ್ಕೂ ಹೆಚ್ಚು.

"ನಾಳೆ ಮಧ್ಯಾಹ್ನ ನನ್ನ ಆಫೀಸಿಗೆ ಬಾ" ಅಂದರು. ಬೈಯಲಿಲ್ಲ.

ಏಪ್ರಿಲ್ 3, ಶನಿವಾರ

ನಿನ್ನೆಯದು. ನಾನೂ ಹೋದೆ, ಡೆಲ್ ಬೇಡ ಅಂದರೂ. ಕ್ಲಾರಿಸ್ ಅಲ್ಲೇ ಕೂತಿದ್ದಳು, ಮೇಕಪ್ ಇಲ್ಲದೆ, ಮುಖದ ತುಂಬ ನಸುಗಂದು ಮಚ್ಚೆ. ಶಾಲೆಯ ಹುಡುಗಿಯ ಹಾಗೆ.

"ಆ ಮೂಲೆಯಲ್ಲಿ ಏನಿತ್ತಯ್ಯಾ?" ಬ್ರುಗ್ಮನ್ ಕೇಳಿದರು.

ನಾನು ಡೆಲ್‌ನ ತೋಳು ಚಿವುಟಿದೆ. ಹೇಳಬೇಡ ಎಂದು. ಅವನು ನನ್ನ ಕೈ ಬಿಡಿಸಿ ಹಿಡಿದುಕೊಂಡ.

"ಇವಳಿದ್ಲು, ಸರ್. ನನ್ನ ಹೆಂಡ್ತಿ. ನನಗೆ ಎಡಗಿವಿ ಕೇಳ್ಸಲ್ಲ. ಇವಳು ನೆಲ ಬಡಿದ್ರೇನೇ ನನ್ನ ಕಾಲು ಏಳೋದು."

ಬ್ರುಗ್ಮನ್ ಬಾಯಿ ತೆರೆಯುವ ಮೊದಲೇ ಕ್ಲಾರಿಸ್: "ನನಗೆ ಎರಡು ಕಿವೀನೂ ಚೆನ್ನಾಗೇ ಇದೆ ಬ್ರುಗ್ಮನ್. ಆದ್ರೂ ಆ ಟೇಕಲ್ಲಿ ನಾನೂ ಅವಳ ಬಡಿತ ಹಿಡ್ಕೊಂಡೇ ತಿರುಗಿದ್ದು. ಚರ್ಚಲ್ಲಿ ಹಾಡ್ಕೊಂಡಿದ್ದೋಳು ನಾನು, ಕುಣಿಯೋಳಲ್ಲ ಅಂತ ನಿಮ್ಗೂ ಗೊತ್ತು. ಅವನನ್ನ ತೆಗೀತೀರಾದ್ರೆ ನನ್ನನ್ನೂ ತೆಗೀರಿ."

ಬ್ರುಗ್ಮನ್ ಸಿಗಾರ್ ಜಗಿದರು. ಹಚ್ಚಿರಲೇ ಇಲ್ಲ. "ಮಂಗಳವಾರ ಆ ತುಣುಕು ಮಾತ್ರ ಇನ್ನೊಂದ್ಸಲ ತೆಗೀತೀನಿ. ಈಗಿನ ಕರಾರಿನ ಕೊನೇ ಅವಕಾಶ. ಅಮ್ಮಾ, ನೀನು ಮಾತ್ರ ಅವತ್ತು ಆ ಕಡೆ ತಲೆ ಹಾಕ್ಬೇಡ. ನೀನೆಲ್ಲಿದ್ರೆ ಇವನ ಕಣ್ಣು ಅಲ್ಲೇ ಹೋಗುತ್ತೆ. ಬಡಿಯೋದೇನಿದ್ರೂ ಕ್ಲಾರಿಸ್ ಬಡೀಲಿ. ಅವಳಿಗೆ ಕಲಿಸು."

ಕಲಿಸು. ಎಷ್ಟು ಸಣ್ಣ ಮಾತು.

ಏಪ್ರಿಲ್ 4, ಭಾನುವಾರ

ಜಗಳ. ಮೊದಲನೆಯದು. ನಾನೇ ತೆಗೆದದ್ದು.

"ಕಲಿಸಲ್ಲ" ಎಂದೆ. "ಅದು ನಮ್ಮಿಬ್ರದು."

"ಬೇಡ ಬಿಡು. ಮತ್ತೆ ಊರೂರು ಸುತ್ತೋಣ, ನಾಯಿಗಳ ಜೊತೆ."

"ನಾಯಿಗಳೂ ಸಿನಿಮಾಕ್ಕೆ ಹೋದ್ವು ಕಣೋ. ನಮ್ಗೆ ಇಡೀ ದೇಶದಲ್ಲಿ ಒಂದು ಸ್ಟೇಜ್ ಉಳಿದಿಲ್ಲ."

ಅವನು ನಗಿಸಲು ನೋಡಿದ. ನಾನು ನಗಲಿಲ್ಲ. ಆಮೇಲೆ ಮೆಲ್ಲಗೆ ಅಂದ: "ನೀನು ಬೇಡ ಅಂದ್ರೆ ಬೇಡ. ನಿಜವಾಗ್ಲೂ." ಅವನು ನಿಜವಾಗಿಯೂ ಬಿಟ್ಟುಬಿಡುತ್ತಾನೆ ಎಂದು ಗೊತ್ತು. ಅದಕ್ಕೇ ಅಳು ಬಂತು. ಸ್ಟುಡಿಯೊ ದಾರಿಯ ಟ್ರಾಮಿನಲ್ಲಿ ಅವನ ಮುಖ ಹೇಗೆ ಅರಳಿರುತ್ತದೆಂದು ದಿನಾ ನೋಡಿದವಳು ನಾನು.

ಏಪ್ರಿಲ್ 5, ಸೋಮವಾರ

ಕಲಿಸಿದೆ.

ಕ್ಲಾರಿಸ್ ಮನೆಯ ಗ್ಯಾರೇಜಿನಲ್ಲಿ, ಕಾರು ಹೊರಗಿಟ್ಟು. ಮೊದಲು ಪೂರ್ತಿ ಪಾದ ಊರಿ ಬಡಿದಳು, ಬಾಗಿಲು ತಟ್ಟಿದ ಹಾಗೆ. "ಹಾಗಲ್ಲ" ಎಂದೆ, "ಎರಡನೇದು ಸ್ವಲ್ಪ ಮೆತ್ತಗೆ. ಮೊದಲನೇದು 'ಇದೀನಿ' ಅನ್ಬೇಕು. ಎರಡನೇದು ಬರೀ ಜೊತೆಗೆ ಬರ್ಬೇಕು."

ಅವಳು ನನ್ನನ್ನೇ ನೋಡಿದಳು. "ಇದನ್ನ ನನಗೆ ಕೊಡೋಕೆ ನಿನಗೆ ಇಷ್ಟ ಇಲ್ಲ, ಅಲ್ವಾ?"

"ಇಲ್ಲ" ಎಂದೆ. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ.

"ವಾಪಸ್ ಕೊಡ್ತೀನಿ. ಒಂದೇ ದಿನಕ್ಕೆ."

ಒಳ್ಳೆಯ ಹುಡುಗಿ. ದ್ವೇಷಿಸಬೇಕೆಂದು ಎಷ್ಟು ಪ್ರಯತ್ನಪಟ್ಟೆ. ಮೇಲಾಗಿ ಮನೆಯಲ್ಲೇ ಮಾಡಿದ ಆಪಲ್ ಪೈ ಕೊಟ್ಟಳು. ಸೀದಿರಲಿಲ್ಲ.

ಏಪ್ರಿಲ್ 6, ಮಂಗಳವಾರ. ಮಧ್ಯಾಹ್ನ 3

ಮನೆಯಲ್ಲಿದ್ದೇನೆ. ಒಗೆಯಲು ಏನೂ ಉಳಿದಿಲ್ಲ. ಕಿಟಕಿಯ ಪರದೆಯನ್ನೂ ಒಗೆದೆ.

ಸಂಜೆ 6

ಮೂರನೆಯ ಟೇಕಿಗೇ ಆಯಿತಂತೆ. ಡೆಲ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ, ನನ್ನನ್ನು ಎತ್ತಿ ತಿರುಗಿಸಿದ. "ಬ್ರುಗ್ಮನ್ ಟೋಪಿ ಎಸೆದ್ರು ಕಣೇ! ಕ್ಲಾರಿಸ್‌ನ ಕಡೇನೇ ನೋಡಿದೆ, ಒಂದ್ಸಲಾನೂ ತಪ್ಪಲಿಲ್ಲ!"

ನಾನೂ ಕುಣಿದೆ, ಕೂಗಿದೆ, ಮುತ್ತಿಟ್ಟೆ. ಎಲ್ಲ ನಿಜವಾದ ಸಂತೋಷವೇ. ನೂರಕ್ಕೆ ತೊಂಬತ್ತರಷ್ಟು.

ಏಪ್ರಿಲ್ 7, ಬುಧವಾರ

ಬೆಳಗ್ಗೆ ಭುಜ ಅಲ್ಲಾಡಿಸಿ ಎಬ್ಬಿಸಿದೆ.

ಮಿಸೆಸ್ ಹ್ಯಾಗರ್ಟಿ ಮೇಲೆ ಬಂದು, "ಏನಮ್ಮಾ, ಹುಷಾರಿದೀಯಾ? ಇವತ್ತು ಸದ್ದೇ ಇಲ್ಲ..." ಅಂದರು.

ಏಪ್ರಿಲ್ 13, ಮಂಗಳವಾರ. ಸಂಜೆ

ಕರಾರು ಮುಂದುವರಿಸಿದ್ದಾರೆ! ಒಂದು ವರ್ಷ! ಕಾಗದ ಬೆಳಗಿನ ಟಪಾಲಿನಲ್ಲಿ ಬಂತು. ನಾಲ್ಕು ಸಲ ಓದಿ, ಮೊಟ್ಟೆ ಸೀಯಿಸಿ, ಐದನೆಯ ಸಲ ಓದಿದೆವು. ಬ್ರುಗ್ಮನ್ ಕೆಳಗೆ ಕೈಬರಹದಲ್ಲಿ: "ಸ್ಪೀಕರ್ ಇನ್ಮೇಲೆ ಬಲಗಡೆ. ನಿನ್ನ ಹೆಂಡತಿಯನ್ನು ಕಾಲಿನ ಸದ್ದು ತುಂಬಲು ಕರೆತಾ. ಕ್ಲಾರಿಸ್‌ದು ಅಕ್ಕಿ ಚೆಲ್ಲಿದ ಹಾಗಿದೆ."

ಇವತ್ತೇ ಹೋದೆವು. ಸಣ್ಣ ಕೋಣೆ, ಗೋಡೆಗೆಲ್ಲ ಕಂಬಳಿ, ನೆಲದಲ್ಲಿ ಎರಡು ಹಲಗೆ, ಎದುರಿಗೆ ಪರದೆ. ನಾನು ಎಡ ಹಲಗೆಯ ಮೇಲೆ — ಇನ್ನೆಲ್ಲಿ? ಪರದೆಯಲ್ಲಿ ಕ್ಲಾರಿಸ್‌ನ ಬೆಳ್ಳಿ ಬೂಟು. ಅದಕ್ಕೆ ನನ್ನ ಸದ್ದು. ಅವಳೂ ಬಂದು ಮೂಲೆಯಲ್ಲಿ ಕೂತಿದ್ದಳು, ಬೂಟು ಕಳಚಿ. "ಕೊಟ್ಟಿದ್ದನ್ನ ವಾಪಸ್ ತಗೋ" ಅಂದಳು.

ದೀಪ ಆರಿತು. ಕುಣಿದೆವು. ಸಂಗೀತ ನಿಂತಿತು. ಪರದೆಯ ಮೇಲೆ ಡೆಲ್ ಕ್ಲಾರಿಸ್‌ನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಎಷ್ಟು ಚೆನ್ನಾಗಿ ನೋಡುತ್ತಾನೆ! ನೋವಾಗಬೇಕಿತ್ತು. ನಾನು ಬಡಿದೆ, ಟಕ್-ಟಕ್, ಎರಡನೆಯದು ಮೆತ್ತಗೆ.

"ಕಟ್!" ಬ್ರುಗ್ಮನ್ ಕೂಗು. "ಮಕ್ರೋರಿ! ಪರದೆ ನೋಡಯ್ಯಾ ಪರದೆ! ಕಾಲು ಕೂಡ್ತಾ ಇಲ್ಲ! ಯಾರನ್ನ ನೋಡ್ತಿದೀಯ?"

ಕ್ಲಾರಿಸ್ ಬಿದ್ದು ಬಿದ್ದು ನಗುತ್ತಿದ್ದಳು. ಆರು ಸಲ ಹಾಳಾಯಿತು. ಏಳನೆಯ ಸಲ ನಾನೇ ಅವನ ಗಲ್ಲ ಹಿಡಿದು ಪರದೆಯ ಕಡೆಗೆ ತಿರುಗಿಸಿದೆ.

ಇನ್ನು ಊರೂರಿನ ಜನ ಆ ಜಾಗದಲ್ಲಿ ಕೇಳುವ ಎರಡು ಬಡಿತ ಯಾರವೆಂದು ಒಬ್ಬರಿಗೂ ತಿಳಿಯುವುದಿಲ್ಲ. ನನಗೆ ಬೇಸರವೇ ಇಲ್ಲ, ಆಶ್ಚರ್ಯ! ತಿಳಿಯಬೇಕಾದವನಿಗೆ ತಿಳಿದಿದೆ, ಅದೂ ಕೇಳಿಸದ ಕಿವಿ ಇರುವ ಕಡೆಯಿಂದ. ಇದನ್ನು ಇನ್ನೂ ಸರಿಯಾಗಿ ಬರೆಯಬೇಕು, ನಾಳೆ ಕೂತು—

ಇದೇನು? ಮಲಗುವ ಕೋಣೆಯಿಂದ. ನೆಲದ ಮೇಲೆ. ಎರಡು ಸಲ, ಎರಡನೆಯದು ಮೆತ್ತಗೆ. ಅವನು ಯಾವತ್ತೂ ಬಡಿದವನಲ್ಲ. ನನಗೆ ಕೂಗಿದರೆ ಕೇಳಿಸುತ್ತದಲ್ಲ!

ಮತ್ತೆ. ಕೆಳಗಿನಿಂದ ಪೊರಕೆ ಕೋಲು.

ಬಂದೆ ಕಣೋ, ಬಂ—