ನಿಮ್ಮ ಅಧಿಕಾರಿಯ ಹಣೆ ಒಡೆದವಳು ಹೊರಗಿದ್ದಾಳೆ

ಮಾದಕ ವಸ್ತು ನಿಯಂತ್ರಣ ಇಲಾಖೆಯ ಮುಖ್ಯಾಧಿಕಾರಿಗಳೇ,

ನಿಮ್ಮ ಅಧಿಕಾರಿಯ ಹಣೆ ಒಡೆದವಳು ನಾನು. ಅದಕ್ಕಾಗಿ ಜೈಲಿನಲ್ಲಿ ಕೊಳೆಯುತ್ತಿರುವವನು ನನ್ನ ಗಂಡ. ಈ ತಪ್ಪನ್ನು ತಿದ್ದಿ ಎಂದು ಠಾಣೆಗೆ ಅಲೆದೆ, ವಕೀಲರನ್ನು ಕಳಿಸಿದೆ, ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಕಾವಲುಗಾರನ ಕೈಯಲ್ಲಿ ಬೈಸಿಕೊಂಡೆ. ಮುಚ್ಚಿದ ಕೋಣೆಯಲ್ಲಿ ಹೇಳಿದ್ದು ತಮಗೆ ಕೇಳಿಸದ ಕಾರಣ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಗಂಡ ಹಳೆಯ ಕಟ್ಟಡಗಳನ್ನು ಕೆಡವುವ ತಂಡದಲ್ಲಿ ಸುತ್ತಿಗೆ ಹಿಡಿಯುವವನು. ನಾನು ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟವಳು. ಹೋದ ವರ್ಷ ಒಂದು ಗೋದಾಮಿನ ಮಹಡಿ ಒಡೆಯುವಾಗ ಚಪ್ಪಡಿ ಹೇಳದೆ ಕೇಳದೆ ಕುಸಿಯಿತು. ಕೆಳಗೆ ಇವನ ಜೊತೆಗಾರನಿದ್ದ. ಶ್ರುತಿಯೇ ಇಲ್ಲದೆ ದಿನವಿಡೀ ಹಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ‘ಗವಾಯಿ’ ಅನ್ನುತ್ತಿದ್ದರು. ಎದೆಯ ತನಕ ಕಾಂಕ್ರೀಟು. ಮೇಲೆ ತಲೆ, ಭುಜ, “ಎಳಿಯೋ, ಬೇಗ ಎಳಿಯೋ” ಅನ್ನುವ ಬಾಯಿ. ನನ್ನ ಗಂಡ ಎರಡೂ ಕಂಕುಳಿಗೆ ಕೈ ಕೊಟ್ಟು ಇದ್ದ ಬಲವೆಲ್ಲ ಹಾಕಿ ಎಳೆದ. ಕೈಗೆ ಬಂದದ್ದು ಇಡೀ ಮನುಷ್ಯನಲ್ಲ.

ಅಲ್ಲಿಗೆ ಇವನ ನಿದ್ದೆ ಮುಗಿಯಿತು. ಕಣ್ಣು ಮುಚ್ಚಿದರೆ ಚಪ್ಪಡಿ, ತೆರೆದರೆ ಮಾಡಿನ ತೊಲೆ. ನಿದ್ದೆಗೆಟ್ಟ ಮನುಷ್ಯ ಬರೀ ಆಕಳಿಸುತ್ತಾನೆ ಎಂದುಕೊಂಡಿದ್ದೀರಾ? ನಮ್ಮ ಮನೆಯ ಕನ್ನಡಿ ಇವನ ಮುಷ್ಟಿಯಿಂದ ಪುಡಿಯಾಯಿತು. ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಜೋಂಪು ಹತ್ತಿದ್ದವನ ಭುಜ ಮುಟ್ಟಿ ಚಹಾ ಕೊಡಲು ಹೋದೆ. ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿ ಎತ್ತಿದ. ಕಾಲಿಗೆ ನೆಲ ಸಿಗಲಿಲ್ಲ. ನಮ್ಮತ್ತೆ ಅವನ ಕೂದಲು ಹಿಡಿದು ಎಳೆದು, ಸೌಟಿನಿಂದ ಬೆನ್ನಿಗೆ ಬಾರಿಸುತ್ತ, “ಬಿಡೋ, ಅವಳು ಕಣೋ, ನಿನ್ನ ಹೆಂಡ್ತಿ ಕಣೋ” ಎಂದು ಕೂಗಿದ ಮೇಲೆ ಬಿಟ್ಟ. ಬಿಟ್ಟವನು ನನ್ನ ಕುತ್ತಿಗೆ ನೋಡಿ ಅಲ್ಲೇ ವಾಂತಿ ಮಾಡಿಕೊಂಡ. ಅಂದಿನಿಂದ ಮಲಗುವ ಮುಂಚೆ ಎರಡೂ ಕೈ ನನ್ನ ಮುಂದೆ ಚಾಚುತ್ತಿದ್ದ. ಗಿರಾಕಿಗಳ ಬಟ್ಟೆ ಗಂಟು ಕಟ್ಟುವ ಪಟ್ಟಿಯಿಂದ ನಾನು ಗಂಡನನ್ನು ಮಂಚಕ್ಕೆ ಕಟ್ಟುತ್ತಿದ್ದೆ. ತಮ್ಮ ಮನೆಯಲ್ಲಿ ಮಲಗುವ ಮುಂಚೆ ಏನು ಮಾಡುತ್ತೀರಿ, ಸ್ವಾಮಿ? ದೀಪ ಆರಿಸುತ್ತೀರಿ, ಅಲ್ಲವೇ?

ವೈದ್ಯರು ನಿದ್ದೆ ಮಾತ್ರೆ ಬರೆದುಕೊಟ್ಟರು. ಅದು ರಾತ್ರಿ ಕೆಲಸ ಮಾಡದೆ ಹಗಲು ಮಾಡಿತು. ಅಟ್ಟಣಿಗೆಯ ಮೇಲೆ ನಿಂತವನ ಕೈಯಿಂದ ಸುತ್ತಿಗೆ ಜಾರಿ ಕೆಳಗಿದ್ದವನ ಹೆಲ್ಮೆಟ್ ಸೀಳಿತು. ಆಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ನಾದಿನಿ ಹೆಂಪ್ ಗಿಡದ ಎಣ್ಣೆಯ ಸೀಸೆಯೊಂದನ್ನು ತಂದಳು.

“ಇದೇನೇ, ಅಣ್ಣನಿಗೆ ಗಾಂಜಾ ತಂದ್ಯಾ?” ಎಂದರು ಅತ್ತೆ.

“ಗಾಂಜಾದ ದಾಯಾದಿ ಅಂದ್ಕೋಮ್ಮ. ಕುಲ ಒಂದೇ, ಇದರಲ್ಲಿ ಅಮಲಿಲ್ಲ. ಪರವಾನಗಿ ಇರೋ ಮಾಲು.”

“ದಾಯಾದಿಗಳನ್ನ ನಾನು ಯಾವತ್ತೂ ನಂಬಿದವಳಲ್ಲ.”

ಅತ್ತೆ ನಂಬಲಿಲ್ಲ ಎಂದು ವೈದ್ಯರನ್ನೇ ಕೇಳಿದೆವು. “ಕೆಲವರಿಗೆ ಹಿಡಿಸುತ್ತೆ, ಕೆಲವರಿಗೆ ಇಲ್ಲ. ಗಟ್ಟಿ ಪುರಾವೆ ಇನ್ನೂ ಇಲ್ಲ. ಆ ಮಾತ್ರೆ ನಿಲ್ಲಿಸಿಬಿಡಿ, ಎರಡನ್ನೂ ಬೆರೆಸಬೇಡಿ. ಬಂದು ತೋರಿಸ್ತಾ ಇರಿ” ಎಂದರು. ಅವರು ಹೇಳಿದಂತೆಯೇ ನಡೆದುಕೊಂಡೆವು. ಮೊದಮೊದಲು ಏನೂ ಆಗಲಿಲ್ಲ. ಆಮೇಲೊಮ್ಮೆ ಸ್ವಲ್ಪ ಕಣ್ಣು ಹತ್ತಿತು, ಮತ್ತೊಮ್ಮೆ ಇನ್ನೂ ಸ್ವಲ್ಪ. ಎಣ್ಣೆಯ ಗುಣವೋ, ನಂಬಿಕೆಯ ಗುಣವೋ, ದುಃಖಕ್ಕೇ ಸುಸ್ತಾಯಿತೋ ನನಗೆ ಗೊತ್ತಿಲ್ಲ. ಅದು ಸಂಜೀವಿನಿ ಎಂದು ವಾದಿಸಲು ನಾನು ಕೂತಿಲ್ಲ. ಆದರೆ ಇವನು ಗೊರಕೆ ಹೊಡೆದ ದಿನ ಅತ್ತೆ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಸಂಗೀತ ಕಚೇರಿ ಕೇಳುವವರ ಹಾಗೆ ಕೂತಿದ್ದರು. ನಾನು ಕೈ ಕಟ್ಟುವ ಪಟ್ಟಿಯನ್ನು ಮತ್ತೆ ಬಟ್ಟೆ ಗಂಟಿಗೆ ಬಳಸತೊಡಗಿದೆ.

ಇಷ್ಟರಲ್ಲಿ ನಮ್ಮ ಮನೆಯಲ್ಲಿ ‘ಗಾಂಜಾ ಎಣ್ಣೆ’ ಇದೆಯೆಂದು ಯಾವನೋ ಪುಣ್ಯಾತ್ಮ ತಮ್ಮ ಇಲಾಖೆಯ ಕಿವಿ ಊದಿದ. ರಜೆಯ ದಿನ, ಮಧ್ಯಾಹ್ನ, ಇವನು ಒಳಗೆ ಮಲಗಿದ್ದ. ಗಿರಾಕಿಗಳು ಬಂದುಹೋಗುವ ಬಾಗಿಲು, ಬರೀ ಮುಂದಕ್ಕೆ ಮಾಡಿತ್ತು. ಬೆರಳಿನಿಂದ ತಳ್ಳಿದ್ದರೆ ಸಾಕಿತ್ತು. ತಮ್ಮ ಶೂರರು ಚೌಕಟ್ಟಿನ ಸಮೇತ ಒಡೆದು ಒಳಗೆ ನುಗ್ಗಿದರು. “ಅಪ್ಪಾ, ಮಲಗಿದಾನೆ, ನೀವು ಮುಟ್ಟಬೇಡಿ, ನಾನೇ ಎಬ್ಬಿಸ್ತೀನಿ” ಎಂದು ಅಡ್ಡ ನಿಂತ ಅತ್ತೆಯನ್ನು ಒಬ್ಬ ಮೇಜಿನ ಮೇಲೆ ನೂಕಿದ. ಮುಂದಾಳಾಗಿ ಬಂದಿದ್ದ ಅಧಿಕಾರಿ ಮಲಗಿದ್ದವನ ಪಕ್ಕೆಗೆ ಬೂಟಿನಿಂದ ಒದ್ದ.

ಇವನು ಎದ್ದ. ಕಣ್ಣು ತೆರೆದಿತ್ತು, ಎಚ್ಚರವಿರಲಿಲ್ಲ. “ಗವಾಯಿ, ಬಂದೆ, ಬಂದೆ ಕಣೋ” ಎನ್ನುತ್ತ ಆ ಅಧಿಕಾರಿಯ ಎರಡೂ ಕಂಕುಳಿಗೆ ಕೈ ಕೊಟ್ಟು ಬಾಗಿಲ ಕಡೆಗೆ ಎಳೆಯತೊಡಗಿದ. ಚಪ್ಪಡಿಯ ಅಡಿಯಿಂದ ಆ ಮನುಷ್ಯನನ್ನು ಉಳಿಸುತ್ತಿದ್ದ, ಸ್ವಾಮಿ. ತಮ್ಮ ದೋಷಾರೋಪ ಪಟ್ಟಿಯಲ್ಲಿ ಅದಕ್ಕೆ ‘ಅಪಹರಣ ಯತ್ನ’ ಎಂದು ಹೆಸರಿಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯಲಿಲ್ಲವೇ?

ಆಮೇಲೆ ಲಾಠಿಗಳು ಬಿದ್ದವು. ಮೊದಲನೆಯದು ಕಿವಿಗೆ, ಅಲ್ಲಿಂದ ರಕ್ತ ಚಿಮ್ಮಿ ನಾನು ಮಡಿಸಿಟ್ಟಿದ್ದ ಬಿಳಿ ಅಂಗಿಗಳ ಮೇಲೆ ಬಿತ್ತು. ಮುಂದಿನದು ಬಾಯಿಗೆ. ಅವನು ನೆಲಕ್ಕೆ ಬಿದ್ದು, ಹಲ್ಲು ಉಗುಳಿ, ಅಲುಗಾಡದೆ ಮಲಗಿದ ಮೇಲೂ ಹೊಡೆತ ನಿಲ್ಲಲಿಲ್ಲ. ಅಧಿಕಾರಿ ಅವನ ಬಲಗೈ ಮೇಲೆ ಬೂಟು ಇಟ್ಟು ಪೂರ್ತಿ ಭಾರ ಹಾಕಿದ. ಮೂಳೆ ಮುರಿದ ಸದ್ದು ಮುಂದಿನ ಕೋಣೆಯ ಬಾಗಿಲಲ್ಲಿದ್ದ ನನಗೂ ಕೇಳಿಸಿತು. ನನ್ನ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು, ಕಾದಿತ್ತು. ಒಳಗೆ ಹೋಗಿ ಆ ಅಧಿಕಾರಿಯ ಹಣೆಗೆ ಬೀಸಿದೆ. ಚರ್ಮ ಚರ್ ಅಂದಿತು. ಅವನು ಕುಸಿದ. ಇನ್ನೊಮ್ಮೆ ಎತ್ತಿದ್ದೆ, ಯಾರೋ ಜಡೆ ಹಿಡಿದು ಎಳೆದರು, ಇಲ್ಲದಿದ್ದರೆ ತಾವು ಇವತ್ತು ಕೊಲೆಯ ಕಡತ ಓದುತ್ತಿದ್ದಿರಿ. ಪಶ್ಚಾತ್ತಾಪವನ್ನು ಹುಡುಕಿ ನೋಡಿದೆ, ಸಿಗಲಿಲ್ಲ.

ಇದನ್ನು ಅವತ್ತೇ ಠಾಣೆಯಲ್ಲಿ ಹೇಳಿದೆ. ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟು, “ಅಮ್ಮಾ, ಹೆಂಗಸು ಹೊಡೆದ್ಲು ಅಂತ ಬರೆದ್ರೆ ಸಾಹೇಬ್ರು ನಾಳೆ ಮುಖ ಎತ್ಕೊಂಡು ಓಡಾಡೋದು ಹೇಗೆ? ಸುಮ್ಮನೆ ಮನೆಗೆ ಹೋಗಿ” ಎಂದ. ಹಾಗಾಗಿ ಹಣೆ ಒಡೆದದ್ದು ನನ್ನ ಗಂಡನ ಮುಷ್ಟಿಯಂತೆ. ಗಾಯ ತ್ರಿಕೋನಾಕಾರದ್ದು, ಅಂಚು ಸುಟ್ಟಿದೆ ಎಂದು ತಮ್ಮದೇ ಆಸ್ಪತ್ರೆಯವರು ಬರೆದಿದ್ದಾರೆ. ಯಾವ ಗಂಡಸಿನ ಮುಷ್ಟಿ ಅಷ್ಟು ಕಾದಿರುತ್ತದೆ? ಮುಷ್ಟಿಗೆ ಮೂತಿ ಇರುತ್ತದೆಯೇ?

ಎಣ್ಣೆಯಲ್ಲಿ ಕಾನೂನು ಒಪ್ಪದ್ದು ಏನೂ ಇಲ್ಲವೆಂದು ತಮ್ಮ ಪ್ರಯೋಗಾಲಯವೇ ಹೇಳಿತು. ಆ ಪ್ರಕರಣ ಬಿತ್ತು. ಆದರೆ ‘ಕರ್ತವ್ಯಕ್ಕೆ ಅಡ್ಡಿ, ಮಾರಣಾಂತಿಕ ಹಲ್ಲೆ’ ನಿಂತಿದೆ. ಅಪರಾಧವೇ ಇಲ್ಲದ ಮನೆಯಲ್ಲಿ ಯಾವ ಕರ್ತವ್ಯ ನಡೆಯುತ್ತಿತ್ತು, ದಯವಿಟ್ಟು ತಿಳಿಸಿಕೊಡಿ.

ಜೈಲಿನಲ್ಲಿ ಎಣ್ಣೆಗೆ ಅನುಮತಿಯಿಲ್ಲ. ಅವನಿಗೆ ಮತ್ತೆ ನಿದ್ದೆಯಿಲ್ಲ. ಹೋದ ಸಲ ನೋಡಲು ಹೋದಾಗ ಕೇಳಿಸುವ ಕಿವಿಯನ್ನು ಸರಳಿಗೆ ಒತ್ತಿ ಮಾತಾಡಿದ. “ಪಕ್ಕದಲ್ಲಿ ಮಲಗಿದ್ದವನ ಕುತ್ತಿಗೆ ಹಿಡಿದಿದ್ದೆ ಕಣೇ. ಎಳೆದು ಬಿಡಿಸೋ ಹೊತ್ತಿಗೆ ನೀಲಿಗಟ್ಟಿದ್ದ. ನನ್ನನ್ನ ಒಂಟಿ ಕೋಣೆಗೆ ಹಾಕಕ್ಕೆ ಹೇಳು. ಯಾರನ್ನಾದ್ರೂ ಕೊಂದೇಬಿಡ್ತೀನಿ.” ಜೈಲರನ್ನು ಕೇಳಿದೆ. ಒಂಟಿ ಕೋಣೆ ಅಪಾಯಕಾರಿ ಕೈದಿಗಳಿಗೆ ಮಾತ್ರವಂತೆ.

ಮೊನ್ನೆ ಆ ನೀಲಿಗಟ್ಟಿದ್ದವನು ನಮ್ಮ ಅಂಗಡಿಗೆ ಬಂದ. ಜೇಬುಗಳ್ಳ, ಶಿಕ್ಷೆ ಮುಗಿಸಿ ಹೊರಬಿದ್ದವನು. ಕುತ್ತಿಗೆಯಲ್ಲಿ ಇನ್ನೂ ಬೆರಳಿನ ಕಲೆ. ಜಗಳಕ್ಕೆ ಬಂದ ಅಂದುಕೊಂಡು ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತೆ. ಅವನು ಹೊಸ್ತಿಲಾಚೆಯೇ ನಿಂತು, “ಅಕ್ಕಾ, ಅವನು ಬೇಕಂತ ಮಾಡಿದ್ದಲ್ಲ, ಆಮೇಲೆ ನನ್ನ ಕಾಲು ಹಿಡ್ಕೊಂಡು ಅತ್ತ. ಆದ್ರೆ ಒಳಗಿನವರಿಗೆ ಭಯ ಹತ್ತಿದೆ. ಅವನು ನಮ್ಮನ್ನ ಮುಗಿಸೋ ಮುಂಚೆ ನಾವೇ ಅವನನ್ನ ಮುಗಿಸೋಣ ಅಂತ ಮಾತಾಡ್ಕೊಂಡಿದಾರೆ. ತಗಡು ಮಸೆದಿಟ್ಟಿದಾರೆ, ನಾನೇ ನೋಡಿದೀನಿ. ಬೇಗ ಏನಾದ್ರೂ ಮಾಡಿ” ಎಂದ. ಸಾಕ್ಷಿ ಹೇಳುತ್ತೀಯಾ ಎಂದೆ. ತನ್ನ ಮಾತು ಯಾರು ನಂಬುತ್ತಾರೆ ಅಂದ, ಆದರೂ ಒಪ್ಪಿಕೊಂಡ.

ಆದ್ದರಿಂದ ಕೇಳುವುದಿಷ್ಟು. ನನ್ನ ಗಂಡನನ್ನು ಇವತ್ತೇ ಆಸ್ಪತ್ರೆಗೆ ಸಾಗಿಸಿ. ಅವನ ಮೇಲಿನ ಸುಳ್ಳು ಪ್ರಕರಣ ಕಿತ್ತುಹಾಕಿ. ಅವನ ಕೈ ಮುರಿದ ಅಧಿಕಾರಿಯನ್ನು ಕಟಕಟೆಯಲ್ಲಿ ನಿಲ್ಲಿಸಿ. ಹಣೆ ಒಡೆದ ಅಪರಾಧಕ್ಕೆ ನನ್ನನ್ನು ಹಿಡಿದು ಒಳಗೆ ಹಾಕಿ. ನನ್ನಿಂದ ಯಾವ ಕೈದಿಗೂ ತೊಂದರೆಯಾಗದು. ನಾನು ತಲೆಯಿಟ್ಟ ಕೂಡಲೇ ನಿದ್ದೆ ಹೋಗುವವಳು.

ಇಂತಿ,
ಎಷ್ಟು ಬೇಡಿದರೂ ತಮ್ಮ ಕಡತದಲ್ಲಿ ಜಾಗ ಸಿಗದ ಆರೋಪಿ,
ಇಸ್ತ್ರಿ ಅಂಗಡಿಯವಳು